ಮಾವನ ಜೀಪಿಗೊಂದು ರೇಡಿಯೋ

ನಮ್ಮ ಮಾವನ ಜೀಪಿನ ಟಾಪು ಹೊಲಿದಿದ್ದು ನಾನು. ಜೀನ್ಸ್ ಬಟ್ಟೀದು. ರಾಯದುರ್ಗದಾಗ ನಮ್ಮದು ಹೊಲಿಗಿ ಮನಿ. ಅಪ್ಪ ಕಟಿಂಗು, ಅಮ್ಮ ಕಾಜಾ ಗುಂಡಿ, ನಾನು ಓವರ್‌ಲಾಕು. ಮಾವ ಒಂದ್ಸಲ ಮಡಕಶಿರದಿಂದ ಜೀಪು ಓಡಿಸ್ಕೊಂಡು ಬಂದು, "ರೆಕ್ಸಿನ್ ಎಲ್ಲಾ ಹರಿದೋಗೈತೆ ಕಣ್ಲಾ ಅಳಿಯ, ಏನಾರ ಹೊದಿಸು" ಅಂದ. ಮಿಕ್ಕಿದ್ದ ದಪ್ಪ ಜೀನ್ಸ್ ತಾನಿನಾಗ ಎರಡು ಪದರ ಹಾಕಿ ಹೊಲಿದು ಕೊಟ್ಟೆ. ಅಪ್ಪ ತಮಾಷಿಗೆ ಹಿಂದ ಎರಡು ಜೇಬೂ ಹಚ್ಚಿದ, ಪ್ಯಾಂಟಿಗೆ ಹಚ್ಚಿದಂಗ. ಆ ಜೇಬಿನಾಗ ಮಾವ ಈಗ್ಲೂ ಕುಡುಗೋಲು ಇಟ್ಕೊಂತಾನ. ಇನ್ನೊಂದರಾಗ ಬೀಡಿ. ಬೀಡಿ ಬಿಟ್ಟೀನಿ ಅಂತ ಅತ್ತೆಗೆ ಹೇಳ್ಯಾನ.

ಟಾಪಿನ ವಿಷಯ ಮೊದಲ ಯಾಕ ಹೇಳಿದೆ ಅಂದ್ರ, ಅದು ಬಟ್ಟೀದು, ತಗಡಿಂದಲ್ಲ ಅಂತ ನನ್ನಷ್ಟು ಚೆನ್ನಾಗಿ ಗೊತ್ತಿದ್ದವ್ರು ಯಾರೂ ಇಲ್ಲ. ನೆನಪಿಟ್ಕೊಳ್ರಿ.

ಮಾವ ಅಂದ್ರ ನಮ್ಮಮ್ಮನ ತಮ್ಮ. ಮಡಕಶಿರದಿಂದ ಗುಡಿಬಂಡೆ ಕಡಿ ಹೋಗೋ ದಾರ್ಯಾಗ ಅವ್ರ ಹಳ್ಳಿ. ರೇಷ್ಮಿ ಹುಳ ಸಾಕ್ತಾರ. ಹುಳದ ಮನಿ ಗುಡ್ಡದ ಈ ಕಡಿ, ಸೊಪ್ಪಿನ ತೋಟ ಆ ಕಡಿ ತಗ್ಗಿನಾಗ. ನಡುವ ಬರೇ ಬಂಡಿಗಲ್ಲು. ಕಾಲುದಾರಿ ನೆಟ್ಟಗ ಹತ್ತಿ ನೆಟ್ಟಗ ಇಳೀತೈತಿ. ಜೀಪಿನ ದಾರಿ ಗುಡ್ಡ ಸುತ್ತಿ, ಮಳಲು ತುಂಬಿದ ವಂಕ, ಅಂದ್ರ ಒಣ ಹಳ್ಳ, ದಾಟಿ, ಕುಲುಕಾಡ್ಕೊಂತ ಹೋಗ್ತೈತಿ. ತೋಟದಿಂದ ಗುಡ್ಡದ ನೆತ್ತಿಗೆ ಹಳೇ ಕಲ್ಲು ಕ್ವಾರಿ ದಾರಿ ಇನ್ನೊಂದೈತಿ, ಅದನ್ನ ಹತ್ತೋದು ಮಾವನ ಜೀಪು ಬಿಟ್ರ ಮೇಕಿ ಮಾತ್ರ. ತೋಟದಾಗ ಫೋನಿಗೆ ಸಿಗ್ನಲ್ ಇಲ್ಲ. ಒಂದು ಕಡ್ಡೀನೂ ಇಲ್ಲ.

ಇದು ಮೊದಲಿಂದ ಇದ್ದಿದ್ದ. ಯಾರೂ ತಲಿ ಕೆಡಿಸ್ಕೊಂಡಿರಲಿಲ್ಲ. ಆದ್ರ ಮಾವಗ ಎದಿ ನೋವು ಬಂದು ಬೆಂಗಳೂರಿನಾಗ ಸ್ಟೆಂಟ್ ಹಾಕಿಸ್ಕೊಂಡು ಬಂದ್ರು. ಡಾಕ್ಟ್ರು ಹೇಳಿದ್ದು ಏನಂದ್ರ, ಮಾತ್ರಿ ತಪ್ಪಿಸಬಾರ್ದು, ಎತ್ತರ ಹತ್ತಬಾರ್ದು, ಒಬ್ಬನಾ ದೂರ ಹೋಗಬಾರ್ದು. ಮಾವ ಮೊದಲನೇದು ಕೇಳಿದ. ಉಳಿದಿದ್ದು ಕೇಳಿಸಿಲ್ಲ ಅನ್ನೋ ಥರ ಇದ್ದ. ಸೊಪ್ಪು ಬೇಕಲ್ರಿ. ಹುಳ ಪೊರಿ ಬಿಡೋದಕ್ಕ ಅಲ್ಲಿ ಜ್ವರ ಅಂತಾರ. ನಾಕನೇ ಜ್ವರ ಎದ್ದ ಮ್ಯಾಲ ಹುಳ ತಿನ್ನೋದು ನೋಡಬೇಕು, ಇಡೀ ಮನಿ ಒಣ ಎಲಿ ಮ್ಯಾಲ ಯಾರೋ ಮೆತ್ತಗ ನಡದಂಗ ಸದ್ದು ಮಾಡ್ತೈತಿ. ಹೊತ್ತು ಹೊತ್ತಿಗೆ ಸೊಪ್ಪು ಬೀಳಲಿಲ್ಲ ಅಂದ್ರ ಗೂಡು ಪೀಚು.

ಹಿಂಗ ಒಂದಿನ ಜೀಪು ವಂಕದ ಮಳಲಿನಾಗ ಸಿಕ್ಕು, ಮಾವ ಸಂಜೀತನಕ ಬರಲಿಲ್ಲ. ಅತ್ತೆ ಹುಳ ಬಿಟ್ಟು ಹೋಗಾಕೂ ಆಗದ, ಕುಂದ್ರಾಕೂ ಆಗದ ಬಾಗಿಲಾಗ ನಿಂತಿದ್ಲಂತ. ಮಾರನೇ ದಿನ ನನಗ ಫೋನ್ ಮಾಡಿದ್ಲು.

"ಏನಪ್ಪಾ, ನೀನು ಅದೇನೋ ವೈರು ಗಿಯರು ಎಲ್ಲಾ ಬಿಚ್ಚಿ ಕಟ್ತೀಯಲ್ಲ. ಆ ಪೊಲೀಸ್ನೋರ ಜೀಪ್ನಾಗೆ ಕೊಯ್ಯೋ ಅಂತ ಮಾತಾಡ್ತಾರಲ್ಲ, ಅಂಥದ್ದೊಂದು ನಿಮ್ಮಾವನ ಜೀಪಿಗೆ ಹಾಕಾಕೆ ಆಗ್ತೈತಾ?"

ಆಗ್ತೈತಿ ಅಂದೆ. ಉಸಿರು ತಗೊಳ್ಳದ ಅಂದೆ. ಅದನ್ನ ಯಾರಾದ್ರೂ ಕೇಳ್ಲಿ ಅಂತ ಎಷ್ಟು ದಿನದಿಂದ ಕಾದಿದ್ನೋ.

ನನಗ ರೇಡಿಯೋ ಕಲಿಸಿದವ್ರು ಯಾರೂ ಇಲ್ರಿ. ಓವರ್‌ಲಾಕ್ ಮುಂದ ಫೋನ್ ನಿಲ್ಲಿಸ್ಕೊಂಡು ವಿಡಿಯೋ ನೋಡ್ಕೊಂತ ಕಲಿತಿದ್ದು. ಆ ವಿಡಿಯೋದಾಗಿನ ಮಂದಿ ಎಲ್ಲ ಮರಳುಗಾಡಿನಾಗ ದೊಡ್ಡ ದೊಡ್ಡ ಗಾಡಿ ಓಡಿಸೋರು. ಒಬ್ಬ ಪವರ್ ಮುಖ್ಯ ಅಂತಾನ. ಇನ್ನೊಬ್ಬ ಪವರ್ ಏನೂ ಅಲ್ಲ, ಆಂಟೆನಾ ಮುಖ್ಯ ಅಂತಾನ. ಮೂರನೇದವ ನೀರು ಬಿದ್ರೂ ಕೆಡಬಾರ್ದು ಅಂತ ಸೆಟ್ಟನ್ನ ಬಕೀಟಿನಾಗ ಮುಣುಗಿಸಿ ತೋರಿಸ್ತಾನ. ಒಬ್ರೂ ಗಾಡ್ಯಾಗ ಸೊಪ್ಪು ತುಂಬಿದ್ದು ನಾ ಕಾಣೆ. ಒಬ್ರ ಕಡೀನೂ ಗುಡ್ಡ ಇಲ್ಲ. ಎಲ್ಲಿ ನೋಡಿದ್ರೂ ಬಯಲು.

"ಫೋನಿನಾಗ ಇನ್ನೊಂದು ಫೋನ್ ನೋಡ್ತಾನ ನಿನ್ನ ಮಗ" ಅಂತ ಅಪ್ಪ ಅಮ್ಮಗ ಹೇಳ್ತಿದ್ದ. "ಪ್ಯಾಂಟಿನ ಕಾಲು ಒಂದು ಒಳಗ ಒಂದು ಹೊರಗ ಹೊಲಿದಾನ ನೋಡು."

ಮೊದಲು ಕೈಯಾಗ ಹಿಡಿಯೋ ವಾಕಿಟಾಕಿ ಅನ್ಕೊಂಡೆ. ಆದ್ರ ಮಾವ ಫೋನನ್ನ ಸೊಪ್ಪಿನ ಚೀಲದಾಗ ಹಾಕಿ ಹುಳಕ್ಕ ಉಣ್ಣಾಕ ಹಾಕೋ ಮನುಷ್ಯ. ಚಾರ್ಜಿಗೆ ಇಡೋದೂ ನೆನಪಿರಲ್ಲ. ಜೀಪಿಗೇ ಬೋಲ್ಟ್ ಹಾಕಿ ಕೂರಿಸಬೇಕು, ಜೀಪಿನ ಬ್ಯಾಟರಿಯಿಂದ ನಡೀಬೇಕು, ಎಂಜಿನ್ ಆರಿಸಿದ್ರೂ ಒತ್ತಿದ್ರ ಮಾತಾಡಬೇಕು. ಅಂಥ ಸೆಟ್ಟು ಹುಡುಕಿದೆ. ಒಂದು ಭಾಳ ಚೆಂದ ಇತ್ತು, ಸಣ್ಣದು, ಪವರ್ ಜಾಸ್ತಿ, ಬಣ್ಣದ ಸ್ಕ್ರೀನು. ಆಸಿ ತಡಿಲಾರದ ಬಳ್ಳಾರ್ಯಾಗಿನ ಒಬ್ಬ ಹಿರೇರಿಗೆ ಫೋನ್ ಹಚ್ಚಿದೆ. ಅವ್ರು ಹ್ಯಾಮ್ ರೇಡಿಯೋ ಪರೀಕ್ಷಿ ಪಾಸಾದವ್ರು, ಒಂದು ವಿಡಿಯೋದ ಕೆಳಗ ನಾನು ಪ್ರಶ್ನಿ ಕೇಳಿದ್ದಕ್ಕ ಪರಿಚಯ ಆದವ್ರು.

"ಆ ಸೆಟ್ಟಿಗೆ ಲೈಸೆನ್ಸ್ ಬೇಕು ತಮ್ಮಾ. ನಿಮ್ಮ ಮಾವ ಪರೀಕ್ಷಿ ಬರೀತಾನೇನು?"

"ಅವ ಹತ್ತನೇ ಕ್ಲಾಸಿಂದಾ ಬರದಿಲ್ರಿ ಸರ್."

"ನಿಮ್ಮ ಅತ್ತಿ?"

"ಹುಳ ಬಿಟ್ಟು ಬರಲ್ರಿ."

"ಹಂಗಾರ ಅದನ್ನ ಮರ್ತುಬಿಡು. ಇಪ್ಪತ್ತೇಳು ಮೆಗಾಹರ್ಟ್ಸಿನ ಪಟ್ಟಿ ಐತಿ, ಕಮ್ಮಿ ಪವರಿಂದು, ಅದಕ್ಕ ಲೈಸೆನ್ಸ್ ಬೇಕಾಗಿಲ್ಲ. ಆದ್ರ ಆಂಟೆನಾ ಉದ್ದ ಬೇಕಾಗ್ತೈತಿ. ನಡುವ ಏನೈತಿ?"

"ಗುಡ್ಡರಿ."

"ಮಣ್ಣಿಂದಾ?"

"ಬಂಡಿಗಲ್ಲುರಿ."

"ನೋಡಪ್ಪಾ, ರೇಡಿಯೋಕ್ಕ ಗುಡ್ಡ ಅಂದ್ರ ಗ್ವಾಡಿ. ಎತ್ರ ಹೋದಷ್ಟೂ ಒಳ್ಳೇದು. ಅದೊಂದು ತಲ್ಯಾಗಿಟ್ಕೊ."

ಇಟ್ಕೊಂಡೆ. ಎಷ್ಟು ಇಟ್ಕೊಂಡೆ ಅಂದ್ರ ಮುಂದ ಎಲ್ಲರಿಗೂ ಅದನ್ನ ನನ್ನ ಮಾತು ಅನ್ನೋ ಥರ ಹೇಳ್ಕೊಂತ ತಿರುಗಿದೆ.

ಇಪ್ಪತ್ತೇಳರ ಸೆಟ್ಟು ಎರಡು ತರಿಸಿದೆ, ಜೀಪಿಗೊಂದು, ಹುಳದ ಮನಿಗೊಂದು. ಪೆಟ್ಟಿಗಿ ಬಂದ ದಿನ ಮಿಷನ್ನಿಗೆ ಕೂಡ್ಲಿಲ್ಲ. ಸೆಟ್ಟನ್ನ ಅಮ್ಮನ ಗುಂಡಿ ಡಬ್ಬಿ ಪಕ್ಕ ಇಟ್ಟು ನೋಡಿದ್ದಾ ನೋಡಿದ್ದು. ಇನ್ನ ಆಂಟೆನಾ. ಮನೀದಕ್ಕ ಕಂಬಕ್ಕ ಹಚ್ಚೋದು, ಜೀಪಿಂದಕ್ಕ ಉದ್ದನ ಸ್ಟೀಲ್ ಕಡ್ಡಿ, ಕೆಳಗ ದೊಡ್ಡ ಮ್ಯಾಗ್ನೆಟ್ಟು. "ತೂತು ಹೊಡಿಯೋದು ಬ್ಯಾಡ, ಟಾಪಿನ ಮ್ಯಾಲ ಇಟ್ರ ಸಾಕು" ಅಂತ ಬರದಿದ್ರು. ಭಾಳ ಅನುಕೂಲ ಅನ್ನಿಸ್ತು.

ರಾಯದುರ್ಗದಿಂದ ಕಲ್ಯಾಣದುರ್ಗ, ಅಲ್ಲಿಂದ ಪಾವಗಡ, ಅಲ್ಲಿಂದ ಮಡಕಶಿರ. ಒಂದೊಂದು ಬಸ್ಸಿನಾಗೂ ಆ ಕಡ್ಡಿ ಯಾರಿಗೋ ಚುಚ್ಚಿತು. ಮೊದಲನೇ ಬಸ್ಸಿನ ಕಂಡಕ್ಟರು ಕೇಳಿದ, "ಮೀನು ಹಿಡಿಯಾಕ ಹೊಂಟೀಯೇನಪಾ? ಕಣೇಕಲ್ಲು ಕೆರಿ ಆ ಕಡಿ ಐತಿ. ಇದು ಕಲ್ಯಾಣದುರ್ಗದ ಬಸ್ಸು."

"ಮೀನಿಂದಲ್ರಿ, ರೇಡಿಯೋದು."

"ಹಾಡು ಕೇಳಾಕ ಇಷ್ಟುದ್ದ ಕಡ್ಡಿ ಬೇಕೇನು?" ಇಡೀ ಬಸ್ಸು ನಕ್ಕಿತು. ನಾನೂ ನಕ್ಕೆ. ಅವತ್ತು ನಗೋಷ್ಟು ಖುಷಿ ಇತ್ತು.

ಮಾವನ ಮನಿ ಮುಂದ ಜೀಪು ನಿಂತಿತ್ತು. ಅಂಗಳದಾಗ ಓಣಿ ಮಂದಿ ನಿಂತಿದ್ರು. ನಾನು ಬಾನೆಟ್ ಮ್ಯಾಲ ಕಾಲಿಟ್ಟು ಹತ್ತಿ, ಮ್ಯಾಗ್ನೆಟ್ಟು ಟಾಪಿನ ಮ್ಯಾಲ ಇಟ್ಟೆ. ಕಡ್ಡಿ ಮೆಲ್ಲಗ ವಾಲಿ, ಕುಡುದವರ ಥರ ಮಗ್ಗಲಾತು. ಮತ್ತ ಇಟ್ಟೆ. ಮತ್ತ ವಾಲ್ತು. ನನ್ನ ಕೈಲಿ ಹೊಲಿದ ಜೀನ್ಸು. ಎರಡು ಪದರ.

ಮಾವ ಹೊಟ್ಟಿ ಹಿಡ್ಕೊಂಡು ನಕ್ಕ. "ಏನ್ಲಾ ಅಳಿಯ, ಜೇಬಿನಾಗೆ ಸಿಕ್ಕಿಸ್ಲಾ? ಜೇಬು ಐತಲ್ಲ, ನಿಮ್ಮಪ್ಪ ಅದಕ್ಕೇ ಹಾಕವ್ನೆ."

ನಕ್ಕೊಂತ ನಕ್ಕೊಂತ ಎದಿ ಮ್ಯಾಲ ಕೈ ಇಟ್ಕೊಂಡ ಮಾವನ್ನ ನೋಡಿ ಅತ್ತೆ, "ನಗಬೇಡಿ ಅಷ್ಟು, ಉಸ್ರು ಸಿಕ್ಕಾಕ್ಕೊಂತೈತೆ" ಅಂದ್ಲು.

ಮಡಕಶಿರದಾಗ ವೆಲ್ಡಿಂಗ್ ಅಂಗಡಿಗೆ ಹೋಗಿ ಹಿಂದಿನ ಬಂಪರ್ ಮೂಲಿಗೆ ಒಂದು ಪಟ್ಟಿ ಹಾಕಿಸಿ, ಕಡ್ಡಿ ಅದರ ಮ್ಯಾಲ ನಿಲ್ಲಿಸಿದೆ. ಕಡ್ಡಿಗೂ ಜೀಪಿನ ಕಬ್ಬಿಣಕ್ಕೂ ನಡುವ ಪ್ಲಾಸ್ಟಿಕ್ ಗುಬುಟು, ಎರಡೂ ತಾಕಬಾರ್ದು. ತಾಕಿದ್ರ ಒತ್ತಿದ ಪವರ್ರೆಲ್ಲ ಗಾಳಿಗೆ ಹೋಗದ ತಿರುಗಿ ಸೆಟ್ಟಿಗೇ ಬಂದು ಒಳಗ ಸುಟ್ಟುಬಿಡ್ತೈತಿ. ಇದನ್ನ ನಾನು ಮಾವಗ ಹೇಳಿದೆ. ವೆಲ್ಡಿಂಗ್‌ನವ್ರಿಗೂ ಹೇಳಿದೆ. ಅತ್ತೆಗೆ ಹೇಳೋದು ಯಾಕ ಬೇಕು ಅನ್ನೋದು ಹೊಳೀಲಾ ಇಲ್ಲ. ಅವಳ ಕೆಲಸ ಮನ್ಯಾಗಿನ ಸೆಟ್ಟು ಅಷ್ಟ.

ಆಮ್ಯಾಲ ಪರೀಕ್ಷಿ ಮಾಡಾಕ ಹೋದ್ವಿ. ಅಂಗಳದಾಗ ಗಂಟೀ ಹೊಡದಂಗ ಕೇಳಿಸ್ತು. ವಂಕ ದಾಟಿದ್ರ ಕರಕರ. ತೋಟಕ್ಕ ಇಳಿದ್ರ ಸೊಯ್ ಅಂತ ಬರೇ ಗಾಳಿ. ನನ್ನ ಮಾರಿ ನೋಡಿ ಮಾವ ಅಂದ, "ಇಷ್ಟು ದೂರದಿಂದ ಹೊತ್ಕೊಂಡು ಬಂದು ಗಾಳಿ ಕೇಳಿಸ್ತಿದ್ದೀಯಲ್ಲಾ ಅಳಿಯ."

"ಎತ್ರ ಬೇಕು ಮಾವ. ಎತ್ರ ಹೋದಷ್ಟೂ ಒಳ್ಳೇದು" ಅಂದೆ. ಅದನ್ನ ತೋರಿಸಾಕ ಮಾವನ್ನ ಕ್ವಾರಿ ದಾರ್ಯಾಗ ನೆತ್ತಿಗೆ ಹತ್ತಿಸಿದೆ. ಜೀಪು ಮುಗಿಲು ನೋಡ್ಕೊಂತ ಹತ್ತಿತು. ಅಲ್ಲಿ ಒತ್ತಿದ್ರ ಅತ್ತೆ ದನಿ ಪಕ್ಕದಾಗ ಕುಂತು ಮಾತಾಡಿದಂಗ ಬಂತು. ಮಾವನ ಜೇಬಿನಾಗಿನ ಫೋನೂ ಟಿಂಗ್ ಟಿಂಗ್ ಅಂತ ಹಳೇ ಮೆಸೇಜೆಲ್ಲ ಒದರಿತು. "ಅರೆ, ಇಲ್ಲಿ ಫೋನೂ ಬರ್ತೈತೆ" ಅಂದ ಮಾವ. ನಾನು ಅದನ್ನ ಕಿವಿಗೆ ಹಾಕ್ಕೊಳ್ಳಲಿಲ್ಲ.

ಮನಿ ಆಂಟೆನಾನ ನೀರಿನ ಟ್ಯಾಂಕಿನ ಮ್ಯಾಲ ಕೊಳಾಯಿ ಪೈಪಿಗೆ ಕಟ್ಟಿ ಇನ್ನೂ ಎತ್ತರ ಮಾಡಿದೆ. ಆಮ್ಯಾಲ ತೋಟದ ತುದ್ಯಾಗ ಹೊಂಗಿ ಮರ ಐತಲ್ಲ, ಅಲ್ಲಿ ಜೀಪು ನಿಲ್ಲಿಸಿದ್ರ ಮಾತ್ರ ಹರಕು ಮುರಕು ಮಾತು ಮುಟ್ಟಿತು. ಅಷ್ಟಾದ್ರೂ ಮುಟ್ಟಿತಲ್ಲ ಅಂತ ನಾನು ಕುಣಿದೆ.

ಮಾತಾಡಾಕ ಕಲಿಸೋದು ಇನ್ನೊಂದು ಕಥಿ. "ಮೊದಲು ಯಾರನ್ನ ಕರೀತೀವೋ ಅವ್ರ ಹೆಸರು ಹೇಳಬೇಕತ್ತೆ" ಅಂದೆ.

"ಅಯ್ಯಯ್ಯಪ್ಪ, ಅವ್ರ ಹೆಸ್ರು ನಾನು ಹೇಳಾದಾ? ಇಷ್ಟು ವರ್ಷ ಮನೆಯೊಳಗೇ ಹೇಳಿಲ್ಲ, ಈಗ ಗಾಳಿಗೆ ಹೇಳ್ಲಾ?"

ಕಡಿಗೆ ಮಾವನ್ನ "ತೋಟ" ಅಂತ, ಅತ್ತೆನ್ನ "ಮನೆ" ಅಂತ ಮಾಡಿದ್ವಿ. ಆದ್ರ ಒಬ್ರು ಗುಂಡಿ ಬಿಡೋತನಕ ಇನ್ನೊಬ್ರು ಸುಮ್ಮನಿರಬೇಕು ಅನ್ನೋದು ಆ ಗಂಡ ಹೆಂಡ್ತಿಗೆ ಅಭ್ಯಾಸಾನೇ ಇಲ್ಲ. ಇಬ್ರೂ ಒಟ್ಟಿಗೆ ಒತ್ತಿ, ಒಟ್ಟಿಗೆ ಮಾತಾಡಿ, ಒಟ್ಟಿಗೆ ಸಿಟ್ಟಾದ್ರು.

"ತೋಟಾ, ತೋಟಾ, ಮಾತ್ರೆ ನುಂಗಾಯ್ತಾ?" ಅಂತ ಅತ್ತೆ ಕೇಳಿದ್ಲು. ತೋಟದಿಂದ ಸೊಯ್. ಆಮ್ಯಾಲ ಮಾವ ಮನಿಗೆ ಬಂದು, "ಅದರಾಗೆ ಮಾತಾಡಾಕೆ ನಂಗೆ ನಾಚ್ಕೆ ಆಗ್ತೈತೆ ಕಣ್ಲಾ. ಊರಿನೋರೆಲ್ಲ ಬಾಗ್ಲಾಗೆ ಕುಂತು ಕೇಳ್ತಾವ್ರೆ" ಅಂದ. ನಿಜ, ಓಣಿ ಹೆಂಗಸರು ಹುಳದ ಮನಿ ಹೊರಗ ಸಾಲಾಗಿ ಕುಂತಿದ್ರು.

ಅದಕ್ಕ ಒಂದು ಉಪಾಯ ಮಾಡಿದೆ. ಮಾತು ಬ್ಯಾಡ. ಹೊಂಗಿ ಮರ ಮುಟ್ಟಿದ ಕೂಡ್ಲೆ ಮಾವ ಎರಡು ಸಲ ಗುಂಡಿ ಒತ್ತಿ ಬಿಡೋದು. ಮನ್ಯಾಗಿನ ಸೆಟ್ಟು ಟಕ್ ಟಕ್ ಅಂತೈತಿ. ಅಂದ್ರ ಮುಟ್ಟೀನಿ, ಆರಾಮಿದ್ದೀನಿ. ಹೊರಡೋ ಮುಂದ ಮತ್ತ ಎರಡು ಸಲ. ಮಾವಗ ಇದು ಒಪ್ಪಿಗಿ ಆತು. ಅತ್ತೆಗೂ ಆತು.

ನಾನು ಹೊರಡೋ ದಿನ ಅತ್ತೆ ಎರಡೂ ಸೆಟ್ಟಿಗೆ ಕುಂಕುಮ ಹಚ್ಚಿದ್ಲು. ಕಡ್ಡಿ ತುದಿ ನೋಡಿ, "ಇಷ್ಟು ಎತ್ರ ನಿಂತೈತೆ, ಊರೋರ ಕಣ್ಣೆಲ್ಲ ಇದರ ಮ್ಯಾಲೇ" ಅಂದ್ಲು. ನಾನು ಮಿಕ್ಕಿದ ತಾಮ್ರದ ತಂತಿ ಬಿಸಾಕಾಕ ಹೋದ್ರ ಕೈಯಿಂದ ಕಿತ್ಕೊಂಡು ಸುತ್ತಿ ಗೂಟಕ್ಕ ನೇತಾಕಿದ್ಲು. "ಇರ್ಲಿ ಬಿಡು. ಯಾವ್ದಕ್ಕಾನ ಆಗ್ತೈತೆ."

ಆಮ್ಯಾಲಿನ ದಿನಗಳು ನನಗ ಭಾಳ ಚೊಲೋ ದಿನಗಳು. ಅತ್ತೆ ಫೋನ್ ಮಾಡೋಳು. "ಇವತ್ತೂ ಟಕ್ ಟಕ್ ಬಂತಪ್ಪಾ. ಅದು ಬಂದ ಮ್ಯಾಲೇ ನಾನು ಒಂದು ತುತ್ತು ಉಂಬೋದು." ನಾನು ಓವರ್‌ಲಾಕ್ ಓಡಿಸ್ಕೊಂತ ಒಬ್ಬನಾ ನಗ್ತಿದ್ದೆ. ಅಪ್ಪನೂ ಬಂದವ್ರಿಗೆ ಹೇಳ್ತಿದ್ದ, ನಮ್ಮ ಹುಡುಗ ಗುಡ್ಡದ ಆಚಿಗೆ ರೇಡಿಯೋ ಹಾಕ್ಯಾನ ಅಂತ.

ಅಮಾವಾಸಿ ಮಾರನೇ ದಿನ ಮಧ್ಯಾಹ್ನ ಅತ್ತೆ ಫೋನ್ ಬಂತು. ದನಿ ಕೇಳಿದ ಕೂಡ್ಲೆ ನಾನು ಪೆಡಲ್ ಮ್ಯಾಲಿಂದ ಕಾಲು ತಗದೆ.

"ಟಕ್ ಟಕ್ ಬರ್ಲಿಲ್ಲ ಕಣಪ್ಪಾ. ಹೋಗಿ ಎಷ್ಟೊತ್ತಾತು."

"ಲೈಟು ಹತ್ತೈತೇನತ್ತೆ?"

"ಹಸ್ರು ಲೈಟು ಹತ್ತೈತೆ."

"ಸದ್ದು?"

"ಸೊಯ್ ಅಂತೈತೆ. ನಾನೂ ಕರ್ದೆ. ತೋಟಾ ತೋಟಾ ಅಂತ ಗಂಟ್ಲು ಹೋಗೋ ಹಂಗೆ ಕರ್ದೆ. ಏನ್ ಮಾಡ್ಲಿ ಹೇಳು."

ಟ್ಯಾಂಕಿನ ಮ್ಯಾಲಿನ ವೈರು ನೋಡು ಅಂದೆ. ಬ್ಯಾಟರಿ ವೈರು ಅಲ್ಲಾಡಿಸು ಅಂದೆ. ಆರಿಸಿ ಹಚ್ಚು ಅಂದೆ. ನಾನು ಹೇಳಿದ್ದೆಲ್ಲ ಮಾಡಿದ್ಲು ಪಾಪ. ಸೊಯ್. ಮಗ್ಗಲ ಮನ್ಯಾಗ ಯಾರಾದ್ರೂ ಅದಾರೇನು ಅಂದ್ರ, ಎಲ್ಲರೂ ಶೇಂಗಾ ಕೀಳಾಕ ಹೋಗ್ಯಾರ. ಬೈಕಿನವ್ರು ಮಡಕಶಿರಕ್ಕ ಹೋಗ್ಯಾರ.

"ಸ್ವಲ್ಪ ಹೊತ್ತು ನೋಡತ್ತೆ. ಸೆಟ್ಟಿಂದಾ ಏನೋ ಆಗಿರಬೇಕು. ಮಾವ ಆರಾಮ ಇರ್ತಾನ."

"ನಿಂಗೆ ಹೆಂಗೆ ಗೊತ್ತು?"

ನನಗ ಹೆಂಗ ಗೊತ್ತಿರ್ತೈತಿ. ಮೂರು ಬಸ್ಸಿನ ದೂರದಾಗ, ಕೈಯಾಗ ಅರ್ಧ ಹೊಲಿದ ಪ್ಯಾಂಟು ಹಿಡ್ಕೊಂಡು ಕುಂತಿದ್ದೆ.

ಆಮ್ಯಾಲ ಬಂದ ಫೋನಿನಾಗ ಬರೇ ಗಾಳಿ, ಉಸಿರು. ಗುಡ್ಡದ ನೆತ್ತಿಯಿಂದ. ಮೊಣಕಾಲು ನೋವಿನ ಅತ್ತೆ, ಉರಿ ಬಿಸಿಲಾಗ, ಹುಳ ಬಿಟ್ಟು ಕಾಲುದಾರ್ಯಾಗ ಹತ್ತಿಬಿಟ್ಟಿದ್ಲು.

"ಮ್ಯಾಲೆ ಇದೀನಿ. ತೋಟ ಕಾಣ್ತೈತೆ. ಜೀಪು ಇಲ್ಲ ಕಣಪ್ಪಾ ಅಲ್ಲಿ."

"ಹೊಂಟಿರಬೇಕತ್ತೆ. ಸುತ್ತು ದಾರ್ಯಾಗ ಮನಿಗೆ ಬರ್ತಿರಬೇಕು. ನೀನು ಅಲ್ಲೇ ಕುಂದ್ರು, ಇಳೀಬ್ಯಾಡ."

"ವಂಕದಾಗೆ ಬಿದ್ದವ್ರೋ ಏನೋ. ನೋಡ್ಕೊಂಡು ಬತ್ತೀನಿ" ಅಂದ್ಲು. ಕಟ್ ಆತು. ಮತ್ತ ಹಚ್ಚಿದ್ರ ಆ ಫೋನಿನ ಹೆಂಗಸು ತೆಲುಗಿನಾಗ ಸಿಗಲ್ಲ ಅಂದ್ಲು, ಇಂಗ್ಲೀಷಿನಾಗೂ ಸಿಗಲ್ಲ ಅಂದ್ಲು. ಆ ಕಡಿ ಇಳಿದಾಳ.

ಅಮ್ಮ ಕಾಜಾ ಮಿಷನ್ ಬಿಟ್ಟು ಬಂದು ನನ್ನ ಮುಂದ ನಿಂತ್ಲು. "ನನ್ನ ತಮ್ಮ ಎಲ್ಲಿ ಅದಾನೋ?"

"ಗೊತ್ತಿಲ್ಲಮ್ಮ."

"ಎರಡು ರೇಡಿಯೋ, ಎರಡು ಫೋನು ಐತಿ, ಗೊತ್ತಿಲ್ಲ ಅಂತಾನ!" ಅಂತ ಅಪ್ಪನ ಕಡಿ ನೋಡಿದ್ಲು. ಅಪ್ಪ ಕತ್ರಿ ಕೆಳಗಿಟ್ಟ. ಬೈದಿದ್ರ ಚೊಲೋ ಇತ್ತು.

ಎಷ್ಟೋ ಹೊತ್ತಾದ ಮ್ಯಾಲ ಮಾವನ ನಂಬರ್ರು ಬಂತು.

"ಏನ್ಲಾ ಅಳಿಯ, ನಿಮ್ಮತ್ತೆ ಎಲ್ಲವ್ಳೆ? ನಿಂಗೇನಾರ ಹೇಳವ್ಳಾ? ಹುಳ ಎಲ್ಲಾ ತಲೆ ಎತ್ಕೊಂಡು ಸೊಪ್ಪು ಹುಡುಕ್ತಾವೆ. ಬಾಗ್ಲು ತೆಗೆದಂಗೇ ಐತೆ."

"ಮಾವ, ನೀನು ಆರಾಮಿದ್ದೀಯಾ?"

"ನಂಗೇನಾಗೈತೆ? ಎರಡು ಸಲ ಒತ್ತಿದ್ನಲ್ಲ. ಸದ್ದು ಸರಿ ಬರ್ಲಿಲ್ಲ ಅಂತ ಮತ್ತೂ ಒತ್ತಿದೆ."

ಹೇಳಿದೆ. ಟಕ್ ಟಕ್ ಬರಲಿಲ್ಲ, ಅತ್ತೆ ಗುಡ್ಡ ಹತ್ಯಾಳ, ನಿನ್ನ ಹುಡುಕ್ಕೊಂತ ವಂಕದ ಕಡಿ ಇಳಿದಾಳ ಅಂದೆ. ಹುಳದ ಮನ್ಯಾಗಿನ ಸೆಟ್ಟು ಹಿಂದ ಸೊಯ್ ಅನ್ನೋದು ನನಗ ಇಲ್ಲಿತನಕ ಕೇಳಿಸ್ತಿತ್ತು.

"ಆ ಮೊಣಕಾಲಿಟ್ಕೊಂಡಾ?" ಅಂದ ಮಾವ. "ಕಾಲುದಾರ್ಯಾಗೇ ಹೋಗ್ತೀನಿ. ಜೀಪ್ನಾಗೆ ಹೋದ್ರೆ ತಪ್ಪಿಸ್ಕೊಂತಾಳೆ."

"ಬ್ಯಾಡ ಮಾವ, ನೀನು ಹತ್ತಬಾರ್ದು, ಜೀಪಿನಾಗ ಹೋಗು, ಹಾರ್ನ್ ಹೊಡ್ಕೊಂತ..."

ಕಟ್ ಮಾಡಿದ್ದ. ಮತ್ತ ಹಚ್ಚಿದೆ, ರಿಂಗ್ ಆತು, ಎತ್ತಲಿಲ್ಲ. ಅಲ್ಲೇ ಇಟ್ಟು ಹೋಗಿರಬೇಕು.

ಎದಿಗೆ ಸ್ಟೆಂಟ್ ಹಾಕಿದ ಮನುಷ್ಯ ಈ ಕಡಿಯಿಂದ ಹತ್ತಾಕತ್ಯಾನ. ಕಾಲು ನೋವಿನ ಹೆಂಗಸು ಆ ಕಡಿ ತಗ್ಗಿನಾಗ ಅದಾಳ. ಇಬ್ರೂ ಆರಾ‍ಮ ಅದಾರ ಅಂತ ಗೊತ್ತಿದ್ದವ ನಾನೊಬ್ಬ. ಇಬ್ರೂ ಗುಡ್ಡದ ಕಡಿ ಹೋದ ಮ್ಯಾಲ ಅದೂ ಗೊತ್ತಿರಲಿಲ್ಲ. ಅಷ್ಟು ವಿಡಿಯೋ ನೋಡೀನಿ, ಒಂದ್ರಾಗೂ ಇಂಥ ಹೊತ್ತಿನಾಗ ಏನು ಮಾಡಬೇಕು ಅಂತ ಹೇಳಿಲ್ಲ. ಸುಮ್ಮನ ಮಿಷನ್ನಿನ ಚಕ್ರ ಕೈಲಿ ಹಿಂದ ಮುಂದ ತಿರುಗಿಸ್ಕೊಂತ ಕುಂತೆ. ಸೂಜಿ ಮ್ಯಾಲ ಕೆಳಗ, ಮ್ಯಾಲ ಕೆಳಗ.

ಹೊತ್ತು ಮುಳುಗೋ ಮುಂದ ಅತ್ತೆ ಫೋನು.

"ಸಿಕ್ಕಿದ್ರಪ್ಪಾ. ನೆತ್ತಿ ಮ್ಯಾಲೆ ಬಂಡೆ ಮ್ಯಾಲೆ ಕುಂತವ್ರೆ. ಇಬ್ರೂ ಉಸ್ರು ಆರ್ಸ್ಕೊಂಡು ಇಳೀತೀವಿ." ಹಿಂದಿನಿಂದ ಮಾವ ಏದುಸಿರು ಬಿಡ್ಕೊಂತ, "ಅವನಿಗೆ ಹೇಳು, ನಾನು ಒತ್ತಿದ್ದೆ ಅಂತ. ಎರಡು ಸಲ ಒತ್ತಿದ್ದೆ ಅಂತ ಹೇಳು" ಅಂತಿದ್ದ.

ಅಮ್ಮ ಫೋನ್ ಕಸ್ಕೊಂಡು ಇಬ್ರಿಗೂ ಬೈದ್ಲು, ಅತ್ಕೊಂತ.

ಮಾರನೇ ದಿನ ಮೊದಲನೇ ಬಸ್ಸಿಗೆ ಹೋದೆ. ಮಾವ ಕಟ್ಟಿ ಮ್ಯಾಲ ಕುಂತಿದ್ದ, ಮಾರಿ ಕಂದಿತ್ತು. ಅತ್ತೆ ಮೊಣಕಾಲಿಗೆ ಬಟ್ಟಿ ಕಟ್ಕೊಂಡು ಹುಳಕ್ಕ ಸೊಪ್ಪು ಹಾಕ್ತಿದ್ಲು. ಒಂದು ಹೊತ್ತು ಸೊಪ್ಪು ತಪ್ಪಿ, ಹುಳ ಕೆಲವು ಜೋತುಬಿದ್ದಿದ್ವು. ಆ ಸಲದ ಗೂಡು ಪೀಚಾಗೋದು ಮೂವರಿಗೂ ಗೊತ್ತಿತ್ತು.

ನಾನು ಜೀಪಿನ ಹಿಂದಕ್ಕ ಹೋದೆ. ಕಡ್ಡಿ ಬುಡದಾಗ ದೃಷ್ಟಿ ಕಟ್ಟಿತ್ತು. ನಿಂಬಿಹಣ್ಣು, ಹಸಿ ಮೆಣಸಿನಕಾಯಿ, ಇದ್ದಿಲು. ಅಮಾವಾಸಿಗೆ ಗಾಡಿ ತೊಳದು ಕಟ್ತಾರಲ್ಲ, ಅದು. ದಾರದಾಗಲ್ಲ. ನಾನು ಬಿಟ್ಟು ಹೋದ ತಾಮ್ರದ ತಂತಿನಾಗ ಪೋಣಿಸಿತ್ತು. ದಾರ ಆದ್ರ ಮುಳ್ಳಿಗೆ ಸಿಕ್ಕು ಹರೀತೈತಿ ಅಂತ ಇರಬೇಕು, ಅತ್ತೆ ತಂತಿನ ಕಡ್ಡಿಗೆ ಗಟ್ಟಿಯಾಗಿ ಸುತ್ತಿ, ಇನ್ನೊಂದು ತುದಿ ಬಂಪರಿನ ಕೊಕ್ಕಿಗೆ ಬಿಗಿದಿದ್ಲು. ತಾಕಬಾರ್ದು ಅಂತ ನಾನು ಪ್ಲಾಸ್ಟಿಕ್ ಹಾಕಿದ ಎರಡನ್ನೂ ನನ್ನ ತಂತೀನೇ ಸೇರಿಸಿತ್ತು. ಮಾವ ಒತ್ತಿದಾಗೆಲ್ಲ ಪವರ್ರು ತಿರುಗಿ ಸೆಟ್ಟಿಗೇ ಹೊಡದಿತ್ತು. ಸೆಟ್ಟು ಬಿಚ್ಚಿ ಮೂಸಿ ನೋಡಿದೆ, ಸುಟ್ಟ ವಾಸನಿ.

ಮಾವ ಹಿಂದ ಬಂದು ನಿಂತಿದ್ದ. ಮೆತ್ತಗ ಕೇಳಿದ, "ಇದಾ?"

"ಹೂಂ."

"ಇಷ್ಟೇನಾ?"

"ಇಷ್ಟ ಮಾವ."

ಮಾವ ಹುಳದ ಮನಿ ಬಾಗಿಲ ಕಡಿ ನೋಡಿದ. "ಬ್ಯಾಟ್ರಿ ಗೀಟ್ರಿ ಅಂತ ಏನಾರ ಹೇಳು. ಇದನ್ನ ಹೇಳ್ಬೇಡ."

ಅತ್ತೆ ಕೈ ಒರಸ್ಕೊಂತ ಬಂದ್ಲು. "ಏನಾಗೈತಂತೆ? ನಾನು ದೃಷ್ಟಿ ಬೇರೆ ಕಟ್ಟಿದ್ದೆ ಕಣಪ್ಪಾ. ಆದ್ರೂ ಕೆಟ್ಟೋಯ್ತು ನೋಡು. ಯಾರ ಕಣ್ಣೋ ಏನೋ."

"ಬ್ಯಾಟರಿದತ್ತೆ" ಅಂದೆ. ದೃಷ್ಟಿನ ತಂತಿ ಬಿಚ್ಚಿ, ಜೀನ್ಸ್ ದಾರದಾಗ ಪೋಣಿಸಿ, ಮುಂದಿನ ಬಂಪರಿಗೆ ಕಟ್ಟಿದೆ. "ಮುಂದ ಇದ್ರ ಚೊಲೋ ಅತ್ತೆ, ಎದುರಿಗೆ ಬರೋರ ಕಣ್ಣು ಮೊದಲು ಇಲ್ಲೇ ಬೀಳ್ತೈತಿ." ಅವಳು ಒಪ್ಪಿದ್ಲು.

ಸೆಟ್ಟು ಪೆಟ್ಟಿಗ್ಯಾಗ ಹಾಕ್ಕೊಂಡು ಹೊರಟೆ. ಸರಿ ಮಾಡಿ ತರ್ತೀನತ್ತೆ ಅಂದೆ. ಅವಳು ಪೆಟ್ಟಿಗಿ ಮ್ಯಾಲಿನ ಧೂಳು ಸೆರಗಿನಿಂದ ಒರಸಿದ್ಲು. ಆಮ್ಯಾಲ ಅಂದ್ಲು, "ಮುಂಚೆ ಅವ್ರು ಹೋದ್ರೆ ಹೋದ್ರು, ಬಂದ್ರೆ ಬಂದ್ರು. ಆ ವಂಕದಾಗೆ ಸಿಕ್ಕಾಕ್ಕಂಡ ದಿನ ಒಂದಿನ ಹೆದ್ರಿದ್ದೆ. ಈಗ ದಿನಾ ಆ ಟಕ್ ಟಕ್ ಬರೋತನಕ ಸೆಟ್ಟಿನ ಮುಂದಿಂದ ಏಳಾಕೆ ಆಗಲ್ಲ. ಬೇಕೂ ಬೇಕು ಕಣಪ್ಪಾ ಅದು. ಬ್ಯಾಡವೂ ಬ್ಯಾಡ." ನಾನು ಬಸ್ಸಿನಾಗ ಪೆಟ್ಟಿಗಿ ತೊಡಿ ಮ್ಯಾಲ ಇಟ್ಕೊಂಡು ಅದನ್ನ ಯೋಚನಿ ಮಾಡಿದೆ. ಕಂಡಕ್ಟರು ಬ್ಯಾರೆಯವ ಇದ್ದ. ಏನೂ ಕೇಳಲಿಲ್ಲ.

ಸುಟ್ಟಿದ್ದು ಸಣ್ಣ ಟ್ರಾನ್ಸಿಸ್ಟರು, ಉಗುರಿನಷ್ಟು. ತರಿಸಿದ ಮೊದಲನೇದು ಕೂಡಲಿಲ್ಲ. ಎರಡನೇದು ಕೂತಿತು, ಆದ್ರ ಸರಿ ಕೆಲಸ ಮಾಡ್ತೈತೋ ಇಲ್ಲೋ ಆ ಗುಡ್ಡದಾಗ ಬಿಟ್ರ ಇಲ್ಲಿ ಗೊತ್ತಾಗಲ್ಲ. ಬಳ್ಳಾರಿ ಹಿರೇರು ಹೊಸಾದು ತಗೊ ಅಂದ್ರು. ಮತ್ತ ವಿಡಿಯೋ ನೋಡ್ತೀನಿ. ಆದ್ರ ಮೊದಲಿನಂಗ ಆಸಿ ಹುಟ್ಟಲ್ಲ. ಯಾವ ಸೆಟ್ಟು ನೋಡಿದ್ರೂ, ಇದು ಸುಮ್ಮನಾದ ದಿನ ಅತ್ತೆ ಏನು ಮಾಡ್ತಾಳ ಅಂತಾನೇ ಮೊದಲು ಬರ್ತೈತಿ. ಅದನ್ನ ಯಾವ ಪೆಟ್ಟಿಗಿ ಮ್ಯಾಲೂ ಬರದಿಲ್ಲ. ಸೆಟ್ಟು ದಾರದ ಉಂಡಿಗಳ ನಡುವ ಹಲಗಿ ಮ್ಯಾಲ ಕುಂತೈತಿ.

ಹೋದ ವಾರ ಅತ್ತೆ ಫೋನ್ ಮಾಡಿದ್ಲು. "ನಿಮ್ಮಾವ ಈಗ ಏನ್ ಮಾಡ್ತಾವ್ರೆ ಗೊತ್ತಾ? ತೋಟಕ್ಕೆ ಹೋದೋರು ದಿನಾ ಆ ಕ್ವಾರಿ ದಾರ್ಯಾಗೆ ನೆತ್ತಿಗೆ ಹತ್ತಿ ನಂಗೆ ಮಿಸ್ ಕಾಲ್ ಕೊಡ್ತಾವ್ರೆ. ಆರಾಮಿದೀನಿ ಅಂತ ತಿಳ್ಸಾಕೆ. ಆ ದಾರ್ಯಾಗೆ ಜೀಪು ಉರುಳಿದ್ರೆ ಯಾರವ್ರೆ ನೋಡಾಕೆ? ನನ್ನ ಮಾತು ಕೇಳಲ್ಲ, ನೀನಾರ ಹೇಳಪ್ಪಾ."

ಮಾರನೇ ದಿನ ಆ ಹೊತ್ತಿಗೆ ಸರಿಯಾಗಿ ಮಾವಗ ಹಚ್ಚಿದೆ. ನೆತ್ತಿ ಮ್ಯಾಲ ಇದ್ದ, ಮೊದಲನೇ ರಿಂಗಿಗೆ ಎತ್ತಿದ.

"ಮಾವ, ಅಲ್ಲಿ ಹತ್ತಬ್ಯಾಡ. ಡಾಕ್ಟ್ರು ಏನು ಹೇಳ್ಯಾರ?"

"ಡಾಕ್ಟ್ರು ಇರ್ಲಿ. ನೀನೇನು ಹೇಳಿದ್ದೆ? ಎತ್ರ ಹೋದಷ್ಟೂ ಒಳ್ಳೇದು ಅಂತ ಇಲ್ಲೇ ನಿಂತು ಹೇಳ್ಲಿಲ್ವೇನ್ಲಾ ಅಳಿಯ? ಸಿಗ್ನಲ್ ಕಡ್ಡಿ ಫುಲ್ ಐತೆ ನೋಡು." ನಕ್ಕ. ನಗು ನಡುವ ಉಸಿರು ತಗೊಂಡ.

ಅದು ರೇಡಿಯೋಕ್ಕ ಹೇಳಿದ್ದು ಮಾವ ಅಂತ ನಾನು ಹೇಳೋದ್ರಾಗ ಜೀಪು ಸ್ಟಾರ್ಟ್ ಆದ ಸದ್ದು ಬಂತು. ಗಿಯರ್ ಬಿದ್ದಿದ್ದು, ಕಲ್ಲು ಉರುಳಿದ್ದು ಕೇಳಿಸ್ತು. "ಸರಿ ಇಡ್ಲಾ, ಹುಳ..." ಅನ್ನೋದ್ರಾಗ ಕಟ್ ಆತು. ಇಳಿಯಾಕ ಶುರು ಮಾಡ್ಯಾನ ಅಂತ ತಿಳೀತು. ಇಳಿದು ತೋಟ ಮುಟ್ಟಿದ್ನೋ ಇಲ್ಲೋ, ಅದು ಅವ ಮನಿಗೆ ಬಂದ್ರ ಅತ್ತೆಗೆ ಗೊತ್ತಾಗ್ತೈತಿ. ನನಗ ಗೊತ್ತಾಗೋದು ನಾಳೆ ಅವ ಮತ್ತ ಹತ್ತಿದಾಗ.